ಲೀಗಲ್ ಸ್ಟಡೀಸ್ ಮಾದರಿ ಪರೀಕ್ಷೆ ಮತ್ತು ಉತ್ತರ ಚರ್ಚೆ: ಕಲಬುರಗಿಯ ಪೋಷಕಿಯೊಬ್ಬಳ ವಿಮರ್ಶೆ

ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲಿ ಲೀಗಲ್ ಸ್ಟಡೀಸ್ ಆರಿಸಿಕೊಂಡ ಮಕ್ಕಳಿಗೆ ಕಲಬುರಗಿಯಲ್ಲಿ ಮಾರ್ಗದರ್ಶಕರನ್ನು ಹುಡುಕುವುದು ಸುಲಭದ ಮಾತಲ್ಲ. ನೀಟ್ ಮತ್ತು ಜೆಇಇ ತರಬೇತಿಗೆ ಊರಿನಲ್ಲಿ ಕೊರತೆಯಿಲ್ಲ. ಆದರೆ ರಾಜ್ಯದ ಪಿಯು ಪಠ್ಯಕ್ರಮದಲ್ಲಿ ಈ ವಿಷಯವೇ ಇಲ್ಲದಿರುವುದರಿಂದ ಇದನ್ನು ಪಾಠ ಹೇಳುವವರೂ ವಿರಳ, ಹಳೆಯ ನೋಟ್ಸ್ ಕೊಡುವ ಅಣ್ಣ-ಅಕ್ಕಂದಿರೂ ವಿರಳ. ಹೀಗಿರುವಾಗ ಜಗತ್ ವೃತ್ತದಿಂದ ಸ್ವಲ್ಪ ದೂರದ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ವಯಸ್ಸಾದ ವಕೀಲರೊಬ್ಬರು ತಮ್ಮ ಇಬ್ಬರು ಜೂನಿಯರ್‌ಗಳೊಂದಿಗೆ ಭಾನುವಾರಗಳಂದು ಮಾದರಿ ಪರೀಕ್ಷೆ ನಡೆಸಿ, ಅದೇ ಮಧ್ಯಾಹ್ನ ಉತ್ತರಗಳ ಚರ್ಚೆ ಏರ್ಪಡಿಸುತ್ತಿದ್ದಾರೆಂದು ತಿಳಿದು ನನ್ನ ಮಗಳನ್ನು ಸೇರಿಸಿದೆ. ಪೋಷಕರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲು ಅವಕಾಶವಿರುವುದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ನಾನೇ ಕಂಡು ಕೇಳಿದ್ದು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಂಡಳಿಯ ಕ್ರಮದಂತೆಯೇ 80 ಅಂಕ, 3 ಗಂಟೆ, ಅದಕ್ಕೂ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ. ಮೇಲ್ವಿಚಾರಣೆ ಕಟ್ಟುನಿಟ್ಟಾಗಿದೆ, ಪ್ರಶ್ನೆಗಳು ಹದವಾಗಿವೆ. ಈ ಸೇವೆಗೆ ನಿಜವಾದ ಬೆಲೆ ಬರುವುದು ಊಟದ ಬಿಡುವಿನ ನಂತರ.

ಪರೀಕ್ಷೆ ಮುಗಿಸಿ ಹೊರಬಂದ ಮಕ್ಕಳು ಎಲ್ಲ ಕಡೆಯೂ ಉತ್ತರ ತಾಳೆ ನೋಡುತ್ತಾರೆ. ‘ನೀ ಏನ್ ಬರದಿ?’ ಎಂಬಲ್ಲಿಂದ ಆರಂಭವಾದ ಮಾತು, ಜೋರಾಗಿ ಮಾತನಾಡುವವರ ಉತ್ತರವೇ ಸರಿ ಎಂಬಲ್ಲಿಗೆ ಮುಗಿದು, ಮೆತ್ತಗಿನ ಮಕ್ಕಳು ಸರಿಯಾಗಿ ಬರೆದಿದ್ದರೂ ಕಣ್ಣೀರು ಹಾಕಿಕೊಂಡು ಮನೆಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಹಾಗಾಗುವುದಿಲ್ಲ. ವಕೀಲರು ಮೊದಲಿಗೆ ಸರಿಯುತ್ತರವನ್ನು ಹೇಳುವುದೇ ಇಲ್ಲ. ಬೇರೆ ಬೇರೆ ಉತ್ತರ ಬರೆದವರನ್ನು ಎಬ್ಬಿಸಿ, ಏನು ಬರೆದೆ ಎನ್ನುವುದಕ್ಕಿಂತ ಏಕೆ ಬರೆದೆ ಎಂದು ಕೇಳುತ್ತಾರೆ, ಆಮೇಲೆ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ, ಕಾಯ್ದೆಯ ಮೂಲಪಾಠದ ಪುಸ್ತಕ) ತೆರೆಸಿ ಆ ಕಲಮನ್ನು ಮಕ್ಕಳಿಂದಲೇ ಓದಿಸುತ್ತಾರೆ.

ವಿವಾದಗಳನ್ನು ರಾಜಿಯ ಮೂಲಕ ಬಗೆಹರಿಸುವ ಲೋಕ ಅದಾಲತ್ ಕುರಿತ ಪ್ರಶ್ನೆಯ ಮೇಲೆ ನಡೆದ ಚರ್ಚೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಅದಾಲತ್ತಿನ ಅವಾರ್ಡ್, ಅಂದರೆ ರಾಜಿಯಂತೆ ಅದು ನೀಡುವ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದೇ ಎಂಬುದು ಪ್ರಶ್ನೆ. ಹೆಚ್ಚಿನವರು ಇಲ್ಲವೆಂದು ಬರೆದಿದ್ದರು, ಆದರೆ ಕಾರಣ ಕೇಳಿದಾಗ ಪುಸ್ತಕದಲ್ಲಿ ಹಾಗಿದೆ ಎಂಬುದಕ್ಕಿಂತ ಮುಂದೆ ಹೋಗಲಿಲ್ಲ. ಸಲ್ಲಿಸಬಹುದು ಎಂದು ಬರೆದಿದ್ದ ಹುಡುಗಿಯೊಬ್ಬಳು ಅಂಜುತ್ತಲೇ ಎದ್ದುನಿಂತು, ‘ಅವಾರ್ಡ್ ಅಂದ್ರ ಡಿಕ್ರಿ ಇದ್ದಂಗ ಅಂತ ಆಕ್ಟಿನಾಗ ಅದರಿ ಸರ್, ಡಿಕ್ರಿ ಮ್ಯಾಲ ಅಪೀಲ್ ಹೋಗಬಹುದಲ್ರೀ?’ ಎಂದಳು. ಡಿಕ್ರಿಯೆಂದರೆ ಸಿವಿಲ್ ನ್ಯಾಯಾಲಯದ ವಿಧ್ಯುಕ್ತ ತೀರ್ಮಾನ. ಮಕ್ಕಳು ನಕ್ಕರು, ವಕೀಲರು ನಗಲಿಲ್ಲ. ‘ಕೂಡಬ್ಯಾಡ ತಂಗಿ, ನೀ ಹೇಳಿದ್ದರಾಗ ಅರ್ಧ ಖರೇ ಅದ’ ಎಂದು ಹೇಳಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮನ್ನು ಅವಳಿಂದಲೇ ಓದಿಸಿದರು. ಮೊದಲ ಉಪಕಲಮು ಅವಾರ್ಡನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯೆಂದೇ ಭಾವಿಸಬೇಕೆನ್ನುತ್ತದೆ, ಎರಡನೆಯದು ಅದು ಅಂತಿಮ, ಯಾವ ನ್ಯಾಯಾಲಯಕ್ಕೂ ಮೇಲ್ಮನವಿ ಇಲ್ಲ ಎನ್ನುತ್ತದೆ. ಅಷ್ಟಕ್ಕೇ ಬಿಡದೆ, ಉಭಯ ಪಕ್ಷಗಳ ಒಪ್ಪಿಗೆಯ ಮೇಲೆ ನೀಡಿದ ಡಿಕ್ರಿಗೆ ಮೇಲ್ಮನವಿ ಇಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನ ಮೂರನೇ ಉಪಕಲಮೂ ಹೇಳುತ್ತದೆಂದು ತೋರಿಸಿದರು. ತಾನೇ ಒಪ್ಪಿ ಸಹಿ ಮಾಡಿದ ರಾಜಿಯ ಮೇಲೆ ತಕರಾರು ಎತ್ತಲು ಕಾನೂನು ದಾರಿ ಕೊಡುವುದಿಲ್ಲ ಎಂಬ ಮಾತು ಆಗ ಇಡೀ ಹಾಲಿಗೆ ಅರ್ಥವಾಯಿತು. ಮೋಸದಿಂದ ರಾಜಿ ಮಾಡಿಸಿದರೆ ಏನು ಗತಿ ಎಂದು ಹುಡುಗನೊಬ್ಬ ಕೇಳಿದ್ದಕ್ಕೆ, 2008ರಲ್ಲಿ ಸುಪ್ರೀಂ ಕೋರ್ಟು ಜಲೌರ್ ಸಿಂಗ್ ಪ್ರಕರಣದಲ್ಲಿ ಹೇಳಿದಂತೆ, ಬಹಳ ಸೀಮಿತ ಕಾರಣಗಳ ಮೇಲೆ ಸಂವಿಧಾನದ 226 ಅಥವಾ 227ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ ಸಲ್ಲಿಸಬಹುದೆಂದೂ, ನಮ್ಮ ಭಾಗದವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆಯೆಂದೂ ಉತ್ತರಿಸಿದರು. ತಪ್ಪು ಬರೆದಿದ್ದ ಆ ಹುಡುಗಿ, ಸರಿ ಬರೆದ ಹಲವರಿಗಿಂತ ಕಾನೂನಿಗೆ ಹತ್ತಿರವಿದ್ದಳು ಎಂಬುದು ನನ್ನ ಅಭಿಪ್ರಾಯ.

ಇದರ ಬೆನ್ನಿಗೇ ಕಾಯಂ ಲೋಕ ಅದಾಲತ್ ವಿಷಯ ಬಂತು. ಸಾರಿಗೆ, ವಿದ್ಯುತ್, ನೀರು, ವಿಮೆ ಮುಂತಾದ ಸಾರ್ವಜನಿಕ ಸೇವೆಗಳ ವಿವಾದಗಳಲ್ಲಿ ರಾಜಿ ಆಗದಿದ್ದರೂ ಅದು ತಾನೇ ತೀರ್ಮಾನ ಕೊಡಬಲ್ಲದು, ಸಾಮಾನ್ಯ ಲೋಕ ಅದಾಲತ್ತಿಗೆ ಆ ಅಧಿಕಾರವಿಲ್ಲ ಎಂಬ ವ್ಯತ್ಯಾಸವನ್ನು ಜೂನಿಯರ್ ವಕೀಲೆ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನ ತಕರಾರೊಂದನ್ನು ಕಲ್ಪಿಸಿಕೊಂಡು ವಿವರಿಸಿದರು. ನನ್ನ ಮಗಳು ಇವೆರಡನ್ನೂ ಒಂದೇ ಎಂದು ತಿಳಿದಿದ್ದಳು. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ, ಈ ಅಧಿಕಾರ ಕೊಡುವ ಅದೇ ಕಾಯ್ದೆಯ ಕಲಮು ‘22ಸಿ’ ಎಂದು ಬರೆದು ಸುತ್ತು ಹಾಕಿಕೊಂಡಳು.

ಅಪ್ರಾಪ್ತನೊಬ್ಬ ಬೈಕಿಗೆ ಕಂತಿನ ಕರಾರು ಮಾಡಿಕೊಂಡ ಪ್ರಶ್ನೆಗೆ ಎಲ್ಲರೂ ಕರಾರು ಅನೂರ್ಜಿತವೆಂದೇ ಬರೆದಿದ್ದರು, ಅಪ್ರಾಪ್ತರ ಕರಾರು ಅನೂರ್ಜಿತವೆಂದು ಸಾರಿದ 1903ರ ಮೊಹೊರಿ ಬೀಬಿ ತೀರ್ಪನ್ನೂ ಹೆಸರಿಸಿದ್ದರು. ಆದರೂ ಅಂಕ ಹೋಗುವುದೆಲ್ಲಿ ಎಂಬುದನ್ನು ಜೂನಿಯರ್ ಚೆನ್ನಾಗಿ ತೋರಿಸಿದರು: ತೀರ್ಪಿನ ಹೆಸರು ಬರೆದವರು ಆ ತೀರ್ಪು ಈ ಹುಡುಗನ ಬೈಕಿಗೆ ಹೇಗೆ ಅನ್ವಯಿಸುತ್ತದೆಂದು ಬರೆದೇ ಇರಲಿಲ್ಲ.

ಕುಂದುಗಳನ್ನೂ ಅಷ್ಟೇ ನೇರವಾಗಿ ಹೇಳಬೇಕಾಗಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಳವಿನ ಕಲಮು 378 ಇದ್ದದ್ದು ಈಗ 303. ಘಟನೆ ಯಾವ ದಿನ ನಡೆಯಿತೆಂಬುದರ ಮೇಲೆ ಯಾವ ಸಂಹಿತೆ ಅನ್ವಯಿಸುತ್ತದೆಂಬುದನ್ನು ಚರ್ಚೆಯಲ್ಲಿ ಸ್ಪಷ್ಟವಾಗಿ ಹೇಳಿದವರೇ, ಮಕ್ಕಳ ಕೈಗೆ ಕೊಟ್ಟ ಜೆರಾಕ್ಸ್ ನೋಟ್ಸಿನ ಒಂದು ಪುಟದಲ್ಲಿ ಹಳೆಯ ಸಂಖ್ಯೆಗಳನ್ನೇ ಉಳಿಸಿದ್ದರು. ತಿಳಿಸಿದಾಗ ಒಪ್ಪಿಕೊಂಡು ತಿದ್ದುವುದಾಗಿ ಹೇಳಿದರು. ಆದರೆ ಪರೀಕ್ಷೆಗೆ ಓದುವ ಮಗು ಮನೆಯಲ್ಲಿ ನಂಬುವುದು ಕೈಯಲ್ಲಿರುವ ಹಾಳೆಯನ್ನೇ, ಆದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲಾಗದು.

ಇದಕ್ಕಿಂತ ದೊಡ್ಡ ಆಕ್ಷೇಪ, ಕೊನೆಯ ಅರ್ಧ ಗಂಟೆಯ ಬಗ್ಗೆ ಇದೆ. ಚರ್ಚೆ ಮುಗಿದ ಮೇಲೆ ಪ್ರತಿಯೊಬ್ಬರೂ ತಮಗೆ ಬರಬಹುದಾದ ಅಂಕವನ್ನು ಅಂದಾಜು ಮಾಡಿ ಹೇಳಬೇಕು, ಅದನ್ನು ಹೆಸರಿನ ಮುಂದೆ ಬೋರ್ಡಿನ ಮೇಲೆ ಬರೆಯಲಾಗುತ್ತದೆ. ಮೂರು ಗಂಟೆ ಬರೆದು ದಣಿದ ಮಕ್ಕಳು ಇದಕ್ಕೆ ಕುಗ್ಗುವುದನ್ನು ಕಣ್ಣಾರೆ ಕಂಡೆ. ಲೋಕ ಅದಾಲತ್ ಬಗ್ಗೆ ಅಷ್ಟು ಧೈರ್ಯವಾಗಿ ವಾದಿಸಿದ್ದ ಹುಡುಗಿ ತನ್ನ ಅಂಕವನ್ನು ಹೇಳುವಾಗ ತಲೆಯೆತ್ತಲಿಲ್ಲ. ಉತ್ತರಪತ್ರಿಕೆಗಳನ್ನು ಮುಂದಿನ ಭಾನುವಾರ ತಿದ್ದಿ, ಪ್ರತಿ ಉತ್ತರದ ಪಕ್ಕ ಟಿಪ್ಪಣಿ ಬರೆದು ಕೊಡುತ್ತಾರಾದ್ದರಿಂದ ಈ ಅಂದಾಜಿನ ಅಗತ್ಯವೇ ಇಲ್ಲ. ಅಲ್ಲಿ ಗಳಿಸಿದ್ದನ್ನು ಅಲ್ಲೇ ಕಳೆಯುವಂತಾಗುತ್ತದೆ. ಆ ಅರ್ಧ ಗಂಟೆಯನ್ನು 20 ಅಂಕದ ಪ್ರಾಜೆಕ್ಟ್ ಕುರಿತು ಮಾತನಾಡಲು ಬಳಸಬೇಕೆಂದು ನಾನು ಕೇಳಿಕೊಂಡಿದ್ದೇನೆ, ಏಕೆಂದರೆ ಅದರ ಬಗ್ಗೆ ಸದ್ಯ ಇಲ್ಲಿ ಯಾವ ನೆರವೂ ಸಿಗುವುದಿಲ್ಲ.

ಇಷ್ಟಾಗಿಯೂ ಈ ವಿಷಯ ಓದುವ ಮಕ್ಕಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮಂಡಳಿ ಪರೀಕ್ಷೆ ಮುಗಿದ ಮೇಲೆ ತಾಳೆ ನೋಡಿ ತಿದ್ದಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ; ಡಿಸೆಂಬರ್, ಜನವರಿಯಲ್ಲಿ ಇನ್ನೂ ಉಳಿದಿರುತ್ತದೆ. ವಿವರಣೆ ಕನ್ನಡದಲ್ಲೂ ಬೇಕಾದರೆ ಹಿಂದಿಯಲ್ಲೂ ಸಿಗುವುದರಿಂದ ಯಾವ ಮನೆಯ ಮಗುವೂ ಹಿಂದೆ ಬೀಳುವುದಿಲ್ಲ. ಶುಲ್ಕ ಭಾರವಲ್ಲ, ಕುಡಿಯುವ ನೀರು ಮತ್ತು ಶೌಚಾಲಯ ಸ್ವಚ್ಛವಾಗಿವೆ, ಹೆಣ್ಣುಮಕ್ಕಳು ಬೆಳಕಿರುವಾಗಲೇ ಮನೆ ಸೇರುವಂತೆ ಬಿಡುತ್ತಾರೆ. ಊಟದ ವ್ಯವಸ್ಥೆ ಇಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಹಾಲ್ ಚಿಕ್ಕದಾದ್ದರಿಂದ ಶನಿವಾರವೇ ಹೆಸರು ಬರೆಸುವುದು ಒಳ್ಳೆಯದು. ಬೇರ್ ಆಕ್ಟ್ ಪ್ರತಿಗಳು ಅಲ್ಲಿ ಎಲ್ಲರಿಗೂ ಸಾಲುವುದಿಲ್ಲವಾದ್ದರಿಂದ ಸಾಧ್ಯವಿದ್ದವರು ಸಂವಿಧಾನ ಮತ್ತು ಕರಾರು ಕಾಯ್ದೆಯ ತಮ್ಮ ಪ್ರತಿಗಳನ್ನು ಜೊತೆಗೆ ಕಳುಹಿಸಿಕೊಡಬೇಕು.