ಲಾಕ್ ಕ್ಲಿಪ್ ಇರುವ ಸಾಟಾ ಕೇಬಲ್: ಹಲವು ವರ್ಷ ಬಳಸಿದ ಮೇಲೆ

ಮದುವೆ, ಸಭೆ-ಸಮಾರಂಭಗಳ ವಿಡಿಯೊ ಸಂಕಲನ ನನ್ನ ವೃತ್ತಿ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ನೂರಾರು ಗಿಗಾಬೈಟ್ ಕಾಪಿ ಮಾಡುವುದು ನಮ್ಮಲ್ಲಿ ನಿತ್ಯದ ಕೆಲಸವಾದ್ದರಿಂದ, ವೇಗದಲ್ಲಿ ಸ್ವಲ್ಪ ಏರುಪೇರಾದರೂ ಕೂಡಲೇ ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಎರಡೂ ತುದಿಯಲ್ಲಿ ಲೋಹದ ಕ್ಲಿಪ್ ಇರುವ ಅರ್ಧ ಮೀಟರ್ ಉದ್ದದ ಸಾಟಾ ಕೇಬಲ್‌ಗಳನ್ನು (ಡಿಸ್ಕನ್ನು ಮದರ್‌ಬೋರ್ಡ್‌ಗೆ, ಅಂದರೆ ಕಂಪ್ಯೂಟರಿನ ಮುಖ್ಯ ಫಲಕಕ್ಕೆ ಜೋಡಿಸುವ ತಂತಿಗಳನ್ನು) ಎರಡು ಹಾರ್ಡ್ ಡಿಸ್ಕ್‌ಗಳಿಗೂ ತಿರುಗುವ ತಟ್ಟೆಯಿಲ್ಲದ ಒಂದು ಎಸ್‌ಎಸ್‌ಡಿಗೂ ಹಾಕಿ ಹಲವು ವರ್ಷಗಳಾದವು. ಇವುಗಳಿಂದ ಡಿಸ್ಕ್‌ನ ವೇಗ ಹೆಚ್ಚಿಲ್ಲ. ಇದ್ದ ವೇಗ ಒಮ್ಮೆಯೂ ಕುಸಿದಿಲ್ಲ. ಕೇಬಲ್‌ನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡ್ ಮತ್ತು ಡಿಸ್ಕ್ ಪರಸ್ಪರ ಮಾತಾಡಿಕೊಂಡು ಸೆಕೆಂಡಿಗೆ 1.5, 3 ಅಥವಾ 6 ಗಿಗಾಬಿಟ್ ಎಂಬ ಮೂರು ವೇಗಗಳಲ್ಲಿ ಒಂದನ್ನು ನಿಗದಿ ಮಾಡಿಕೊಳ್ಳುತ್ತವೆ. ಪ್ರತಿ 8 ಬಿಟ್ ಮಾಹಿತಿಯನ್ನು, ಅಂದರೆ ಒಂದು ಬೈಟನ್ನು, 10 ಬಿಟ್‌ಗಳಾಗಿ ಕಳುಹಿಸುವುದರಿಂದ 6 ಗಿಗಾಬಿಟ್ ಎಂದರೆ ಸೆಕೆಂಡಿಗೆ ಗರಿಷ್ಠ 600 ಮೆಗಾಬೈಟ್. ಆದರೆ ನಿಮಿಷಕ್ಕೆ 7200 ಸುತ್ತು ತಿರುಗುವ ನನ್ನ ಹಾರ್ಡ್ ಡಿಸ್ಕ್, ತಟ್ಟೆಯ ಹೊರ ಅಂಚಿನಲ್ಲಿ ಸುಮಾರು 190 ಮೆಗಾಬೈಟ್ ಕೊಟ್ಟರೆ, ತುಂಬುತ್ತ ಬಂದು ಒಳ ಅಂಚು ತಲುಪುವಾಗ ಅದರ ಅರ್ಧಕ್ಕೆ ಇಳಿಯುತ್ತದೆ. ಅಡಚಣೆ ಇರುವುದು ತಿರುಗುವ ತಟ್ಟೆಯಲ್ಲಿಯೇ ಹೊರತು ತಂತಿಯಲ್ಲಲ್ಲ. ‘6 ಗಿಗಾಬಿಟ್’ ಎಂದು ಮುದ್ರಿಸಿದ ಕೇಬಲ್ಲಿಗೂ, ಚೆನ್ನಾಗಿ ತಯಾರಾದ ಹಳೆಯ ಕೇಬಲ್ಲಿಗೂ ರಚನೆಯಲ್ಲಿ ವ್ಯತ್ಯಾಸವಿಲ್ಲ: ಅದೇ 7 ಸಂಪರ್ಕಗಳು, ಅವುಗಳಲ್ಲಿ 3 ಗ್ರೌಂಡ್, ಉಳಿದ 4 ಎರಡು ಜೋಡಿ ತಂತಿಗಳು. ಒಂದೇ ಡಿಸ್ಕ್‌ಗೆ ಬೇರೆ ಬೇರೆ ಬೆಲೆಯ ಕೇಬಲ್‌ಗಳನ್ನು ಹಾಕಿ ಪರೀಕ್ಷಿಸಿದಾಗ ಫಲಿತಾಂಶಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಕೆಟ್ಟ ಕೇಬಲ್‌ನ ವಿಷಯ ಬೇರೆ. ಇದೇ ಕ್ಯಾಬಿನೆಟ್‌ನಲ್ಲಿ ಮೊದಲು ಕ್ಲಿಪ್ ಇಲ್ಲದ ಕೇಬಲ್ ಇದ್ದಾಗ, ದೊಡ್ಡ ವಿಡಿಯೊ ಫೈಲ್ ಸರಾಗವಾಗಿ ಕಾಪಿ ಆಗುತ್ತಿರುವಂತೆಯೇ ವೇಗ ಏಕಾಏಕಿ ಸೊನ್ನೆಗೆ ಬೀಳುತ್ತಿತ್ತು; ಕೆಲವು ಸೆಕೆಂಡು ಇಡೀ ಕಂಪ್ಯೂಟರ್ ಸ್ತಬ್ಧವಾಗಿ, ಏನೂ ಆಗದಂತೆ ಮತ್ತೆ ಮುಂದುವರಿಯುತ್ತಿತ್ತು. ಡಿಸ್ಕ್ ಕೆಟ್ಟಿದೆ ಎಂದೇ ಯಾರಿಗಾದರೂ ಅನ್ನಿಸುವ ಲಕ್ಷಣವಿದು. ವಾಸ್ತವದಲ್ಲಿ, ತಂತಿಯಲ್ಲಿ ಹಾದುಬರುವ ಪ್ರತಿ ಕಂತಿನ ಜೊತೆಗೂ ಸಿಆರ್‌ಸಿ ಎಂಬ ತಪಾಸಣಾ ಸಂಖ್ಯೆ ಇರುತ್ತದೆ. ಅದು ತಾಳೆಯಾಗದಿದ್ದರೆ ಆ ಕಂತನ್ನು ಮತ್ತೆ ಕಳುಹಿಸಬೇಕಾಗುತ್ತದೆ. ತಪ್ಪುಗಳು ಹೆಚ್ಚಿದಾಗ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಸಂಪರ್ಕವನ್ನೇ ರೀಸೆಟ್ ಮಾಡಿ, ವೇಗವನ್ನು 6ರಿಂದ 3ಕ್ಕೆ, ಅಲ್ಲಿಂದ 1.5ಕ್ಕೆ ಇಳಿಸುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಇಂಥ ರೀಸೆಟ್ 129ನೇ ಸಂಖ್ಯೆಯ ಎಚ್ಚರಿಕೆಯಾಗಿ ದಾಖಲಾಗುತ್ತದೆ. 1.5 ಗಿಗಾಬಿಟ್‌ನಲ್ಲಿ ಗರಿಷ್ಠ 150 ಮೆಗಾಬೈಟ್ ಮಾತ್ರ ಸಾಗುವುದರಿಂದ ಹಾರ್ಡ್ ಡಿಸ್ಕ್‌ಗೆ ಆಗುವ ನಷ್ಟ ಸಹಿಸುವಂಥದ್ದು. 550 ಮೆಗಾಬೈಟ್ ಓದಬಲ್ಲ ಎಸ್‌ಎಸ್‌ಡಿಗಾದರೆ ಮುಕ್ಕಾಲು ಪಾಲು ವೇಗವೇ ಹೋಗುತ್ತದೆ.

ಇದನ್ನು ಪತ್ತೆ ಹಚ್ಚಲು ಹಣ ಬೇಕಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ತೆರೆದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ಪಟ್ಟಿಯಲ್ಲಿ 199ನೇ ಅಂಶವನ್ನು, ಅಂದರೆ ಸಿಆರ್‌ಸಿ ತಪ್ಪುಗಳ ಎಣಿಕೆಯನ್ನು ನೋಡಬೇಕು. ಕೇಬಲ್ ಬದಲಿಸಿದರೂ ಈ ಸಂಖ್ಯೆ ಸೊನ್ನೆಗೆ ಮರಳುವುದಿಲ್ಲ ಎಂಬುದು ಗಮನದಲ್ಲಿರಲಿ. ಅದು ಏರುವುದು ನಿಂತರೆ ಸಾಕು. ನನ್ನ ಡಿಸ್ಕ್‌ನಲ್ಲಿ ಕ್ಲಿಪ್ ಇರುವ ಕೇಬಲ್ ಹಾಕಿದ ದಿನ ಇದ್ದ ಸಂಖ್ಯೆಯೇ ಇಂದಿಗೂ ಇದೆ, ಮತ್ತು ಆ ಸ್ತಬ್ಧತೆ ಮರುಕಳಿಸಿಲ್ಲ. ಡಿಸ್ಕ್ ಸತ್ತಿದೆ ಎಂದು ಹೊಸದನ್ನು ಕೊಳ್ಳುವ ಮುನ್ನ ದಯವಿಟ್ಟು ಈ ಒಂದು ಸಾಲನ್ನು ನೋಡಿ.

ಹೊರಗಿನಿಂದ ಜೋಡಿಸುವ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಕೇಬಲ್‌ನ ಪಾತ್ರ ಇನ್ನೂ ದೊಡ್ಡದು. ಅಗಲವಾದ ಮೈಕ್ರೊ-ಬಿ ಸಾಕೆಟ್‌ನ ಒಂದು ಬದಿಗೆ ಹಳೆಯ ಫೋನ್ ಕೇಬಲ್ ಸರಿಯಾಗಿಯೇ ಕೂರುತ್ತದೆ, ಡಿಸ್ಕ್ ಕೆಲಸವನ್ನೂ ಮಾಡುತ್ತದೆ. ಆದರೆ ಯುಎಸ್‌ಬಿ 3ಕ್ಕೆ ಬೇಕಾದ ಹೆಚ್ಚುವರಿ ತಂತಿಗಳು ಅದರಲ್ಲಿ ಇಲ್ಲದ ಕಾರಣ ಸಂಪರ್ಕ 480 ಮೆಗಾಬಿಟ್‌ಗೆ ಇಳಿದು, ಸೆಕೆಂಡಿಗೆ 40 ಮೆಗಾಬೈಟ್ ಸಿಕ್ಕರೆ ಹೆಚ್ಚು. 125 ಮೆಗಾಬೈಟ್ ವೇಗದಲ್ಲಿ ಹದಿಮೂರು-ಹದಿನಾಲ್ಕು ನಿಮಿಷಕ್ಕೆ ಮುಗಿಯಬೇಕಾದ 100 ಗಿಗಾಬೈಟ್ ಕಾಪಿಗೆ ಆಗ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ. ಸಿ-ಟೈಪ್ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟು ಇದೇ ಬಗೆಯವು, ನೋಡಿದರೆ ಗೊತ್ತಾಗುವುದಿಲ್ಲ. ಡಿಸ್ಕ್ ಜೊತೆ ಬಂದ ಕೇಬಲ್ಲನ್ನು ಬೇರೆಯದಕ್ಕೆ ಬಳಸದೆ ಡಿಸ್ಕ್ ಜೊತೆಯಲ್ಲೇ ಇಡುವುದು ಕ್ಷೇಮ.

ಕೊಳ್ಳುವವರು ಅಗತ್ಯಕ್ಕಿಂತ ಉದ್ದದ ಕೇಬಲ್ ಆರಿಸದಿರಲಿ: ಸಾಟಾ ಕೇಬಲ್‌ಗೆ ನಿಗದಿಯಾದ ಗರಿಷ್ಠ ಉದ್ದ 1 ಮೀಟರ್. ಚಿಕ್ಕ ಕ್ಯಾಬಿನೆಟ್‌ನಲ್ಲಿ ಉಳಿದ ಭಾಗವನ್ನು ಚೂಪಾಗಿ ಮಡಚಿ ಕಟ್ಟಿದರೆ ಒಳಗಿನ ತಂತಿಜೋಡಿಗೆ ಪೆಟ್ಟಾಗುತ್ತದೆ. ಚಿನ್ನದ ಲೇಪ, ಬಣ್ಣದ ಹೆಣಿಗೆಗಳಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಈ ಕೇಬಲ್‌ಗಳ ಬಗ್ಗೆ ನನ್ನ ಆಕ್ಷೇಪ ಒಂದೇ: ಡಿಸ್ಕ್‌ಗಳು ಒತ್ತೊತ್ತಾಗಿದ್ದರೆ ಕ್ಲಿಪ್ ಒತ್ತಲು ಬೆರಳು ಹೋಗುವುದಿಲ್ಲ, ಒತ್ತದೆ ಜಗ್ಗಿದರೆ ಡಿಸ್ಕ್‌ನ ಪ್ಲಾಸ್ಟಿಕ್ ನಾಲಗೆಯೇ ಮುರಿಯುವ ಅಪಾಯವಿದೆ. ಅಂಥ ಜಾಗದಲ್ಲಿ ಡಿಸ್ಕನ್ನು ಟ್ರೇ ಸಮೇತ ಹೊರಗೆಳೆದು, ಕ್ಲಿಪ್ ಕಣ್ಣಿಗೆ ಕಾಣುವಂತಾದ ಮೇಲೆಯೇ ಕೇಬಲ್ ಬಿಡಿಸಬೇಕು.