ಆರು ಟರ್ಪಾಲು ಕೇಳಿದ್ದೆ, ಎರಡೇ ಕೊಟ್ಟರು

ಮಲ್ಪೆ ಬಂದರಿನ ಹತ್ತಿರದ ಈ ಹಗ್ಗ-ಟರ್ಪಾಲು ಅಂಗಡಿಗೆ ನಾನು 2019ರಿಂದ ಹೋಗುತ್ತಿದ್ದೇನೆ. ಬೋರ್ಡಿನ ಅಕ್ಷರ ಉಪ್ಪುಗಾಳಿಗೆ ಅರ್ಧ ಅಳಿಸಿಹೋಗಿದೆ. ಹೊರಗೆ ಬಲೆಯ ಕಟ್ಟು ತೂಗುಹಾಕಿರುವುದರಿಂದ ಇದು ಬೋಟಿನವರಿಗೆ ಮಾತ್ರ ಅಂದುಕೊಂಡು ತುಂಬ ಜನ ಒಳಗೇ ಹೋಗುವುದಿಲ್ಲ. ಕಡಲ ಕರೆಯಲ್ಲಿ, ಅಂದರೆ ದಡದಲ್ಲಿ, ಮನೆ, ಹೋಟೆಲು, ಹೋಂಸ್ಟೇ ಅಂತ ಏನಾದರೂ ಇರುವವರು ಒಮ್ಮೆ ಹೋಗಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಪಡುಕರೆಯಲ್ಲಿ ಮೂರು ಕೋಣೆಯ ಹೋಂಸ್ಟೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಒಂದು ಪಟ್ಟಿ ನೆಲ. ಹಳೇ ಹಂಚಿನ ಮಾಡು. ಅಂಗಳದಲ್ಲಿ ಒಂಬತ್ತು ತೆಂಗಿನ ಮರ. ಮುಂದುಗಡೆ ಬಂದವರು ಕೂತು ಚಹಾ ಕುಡಿಯಲಿ ಅಂತ ಮಾಡಿದ ತಗಡಿನ ಚಪ್ಪರ. 2019ರ ಅಕ್ಟೋಬರ್ ಕೊನೆಯಲ್ಲಿ ದೀಪಾವಳಿ ರಜೆ ಇತ್ತು, ಮೂರೂ ಕೋಣೆ ಬುಕ್ ಆಗಿದ್ದವು. 24ಕ್ಕೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂತು. ಮರುದಿನ ಅದು ಚಂಡಮಾರುತ ಆಯಿತು, ಕ್ಯಾರ್ ಅಂತ ಹೆಸರೂ ಬಂತು. ಅಷ್ಟು ಹೊತ್ತಿಗೆ ಚಿತ್ರದುರ್ಗದ ಒಂದು ಕುಟುಂಬ ನಮ್ಮಲ್ಲಿಗೆ ಬಂದಾಗಿತ್ತು. ಗಂಡ, ಹೆಂಡತಿ, ಅಜ್ಜಿ, ಏಳೆಂಟು ವರ್ಷದ ಒಬ್ಬ ಹುಡುಗ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಟರ್ಪಾಲು ತಂದು ಇಡೀ ಮಾಡಿಗೆ ಹೊದೆಸಬೇಕು. ಮಳೆಗೆ ಮಲ್ಪೆ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ಈ ಅಂಗಡಿಗೆ ನುಗ್ಗಿದೆ. ಒಳಗೆ ಬೋಟಿನವರು ಏಳೆಂಟು ಜನ ಇದ್ದರು. ಹೊರಗೆ ಹೋದ ಬೋಟುಗಳೆಲ್ಲ ವಾಪಸು ಬರುತ್ತಿದ್ದವು, ಧಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಂದಕ್ಕೊಂದು ಉಜ್ಜಬಾರದು ಅಂತ ನಡುವೆ ಹಳೇ ಟಯರು ಇಳಿಬಿಡುತ್ತಾರೆ, ಅದಕ್ಕೆ ಹಗ್ಗ ಬೇಕಿತ್ತು ಅವರಿಗೆ.

"ಅಣ್ಣ, ದೊಡ್ಡ ಟರ್ಪಾಲು ಆರು ಕೊಡಿ" ಅಂದೆ.

ಅಂಗಡಿಯವರು ಐವತ್ತೈದು ದಾಟಿದವರು, ಕನ್ನಡಕ ಹಣೆಯ ಮೇಲೆ. ತಕ್ಷಣ ಕೊಡಲಿಲ್ಲ. "ಅಕ್ಕ, ಮನೆ ಎಲ್ಲಿ? ಹಂಚಾ, ತಗಡಾ? ಯಾವ ಕಡೆ ಬಾಗಿಲು ಉಂಟು?" ಅಂತ ಕೇಳಿದರು. ಎಲ್ಲ ಹೇಳಿದೆ. "ಗಾಳಿ ಬರುವ ಮೊದಲು ಟರ್ಪಾಲು ಹೊದೆಸುವುದಾ? ಬೇಡ. ಅದು ಹಾಯಿ ಆಗ್ತದೆ. ಗಾಳಿ ಅಡಿಗೆ ಹೊಕ್ಕರೆ ಟರ್ಪಾಲು ಒಂದೇ ಹೋಗುವುದಿಲ್ಲ, ಹಂಚು, ಅದರ ಅಡಿಯ ಮರದ ರೀಪು ಎಲ್ಲ ಎತ್ತಿಕೊಂಡು ಹೋಗ್ತದೆ. ಟರ್ಪಾಲು ಗಾಳಿ ನಿಂತ ಮೇಲೆ, ಹಂಚು ಹೋದ ಜಾಗಕ್ಕೆ. ಅದಕ್ಕೆ ಎರಡು ಸಾಕು."

ಆರು ಕೇಳಿದವಳಿಗೆ ಎರಡು. ಅದೂ ಅಂಗಡಿ ತುಂಬ ಗಿರಾಕಿ ಇರುವ ದಿನ, ಕೇಳಿದ ರೇಟಿಗೆ ಮಾರಬಹುದಾದ ದಿನ. ನಾನು ಈ ಅಂಗಡಿಗೆ ಇವತ್ತಿಗೂ ಹೋಗುತ್ತಿರುವುದಕ್ಕೆ ಕಾರಣ ಅದೇ.

ಟರ್ಪಾಲು ಕಟ್ಟುವುದನ್ನೂ ಅಲ್ಲೇ ತೋರಿಸಿಕೊಟ್ಟರು. ನಾವೆಲ್ಲ ಅಂಚಿನಲ್ಲಿರುವ ಹಿತ್ತಾಳೆ ಬಣ್ಣದ ತೂತಿಗೆ ಹಗ್ಗ ಹಾಕಿ ಎಳೆದು ಕಟ್ಟುತ್ತೇವೆ ಅಲ್ವಾ? ಜೋರು ಗಾಳಿಗೆ ಮೊದಲು ಕಿತ್ತುಹೋಗುವುದೇ ಆ ತೂತು. ಅವರು ಮೇಜಿನ ಡ್ರಾಯರ್‌ನಿಂದ ಒಂದು ನುಣುಪಾದ ಕಲ್ಲು ತೆಗೆದರು, ಕಡಲ ಕರೆಯಲ್ಲಿ ಸಿಗುತ್ತದಲ್ಲ, ನಿಂಬೆಹಣ್ಣಿನಷ್ಟು ದೊಡ್ಡದು. ಟರ್ಪಾಲಿನ ಅಂಚಿನಿಂದ ಒಂದು ಗೇಣು ಒಳಗೆ, ಅಡಿಯಿಂದ ಆ ಕಲ್ಲನ್ನು ಒತ್ತಿ ಹಿಡಿದರು. ಮೇಲೆ ಒಂದು ಗುಬುಟು ಬಂತು. ಆ ಗುಬುಟಿನ ಕೊರಳಿಗೆ ಹಗ್ಗ ಎರಡು ಸುತ್ತು ಸುತ್ತಿ ಬಿಗಿದರು. "ಈಗ ಎಳೆಯಿರಿ" ಅಂದರು. ಎಳೆದೆ. ಕಾಲು ಕೊಟ್ಟು ಎಳೆದೆ. ಜಾರಲಿಲ್ಲ, ಹರಿಯಲಿಲ್ಲ. ಎಳೆದಷ್ಟೂ ಗಂಟು ಬಿಗಿಯಾಗುತ್ತಲೇ ಹೋಯಿತು. ಆ ಕಲ್ಲನ್ನು ಮತ್ತೆ ಡ್ರಾಯರ್‌ಗೇ ಹಾಕಿಕೊಂಡರು. ಬಂದವರಿಗೆಲ್ಲ ಅದರಲ್ಲೇ ತೋರಿಸುತ್ತಾರೆ ಅಂತ ಕಾಣುತ್ತದೆ.

ಹಗ್ಗದಲ್ಲೂ ಹಾಗೆಯೇ. ನಾನು ನೈಲಾನ್ ಕೇಳಿದ್ದೆ. ನೈಲಾನ್ ಗಟ್ಟಿ, ಆದರೆ ಎಳೆತಕ್ಕೆ ಉದ್ದ ಆಗುತ್ತದೆ, ಒದ್ದೆಯಾದರೆ ಇನ್ನೂ ಸಡಿಲ. ಬೋಟಿಗೆ ಆ ಎಳೆತ ಬೇಕು, ತಗಡಿನ ಚಪ್ಪರಕ್ಕೆ ಬೇಡ. ಪ್ಲಾಸ್ಟಿಕ್ ಹಗ್ಗ ಅಂತ ನಾವು ಹೇಳುವ ಪಾಲಿಪ್ರೊಪಿಲೀನ್ ನೀರು ಕುಡಿಯುವುದಿಲ್ಲ, ಅಷ್ಟೊಂದು ಉದ್ದ ಆಗುವುದೂ ಇಲ್ಲ, ಕ್ರಯವೂ ಕಡಿಮೆ. ಆದರೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಕೆಲಸ ಆದ ಮೇಲೆ ಬಿಚ್ಚಿ ಒಳಗೆ ಇಡಬೇಕು. ಬಟ್ಟೆ ಒಣಗಿಸಲು ಹೊರಗೇ ಕಟ್ಟಿ ಬಿಟ್ಟರೆ ಮುಂದಿನ ಗಾಳಿಗೆ ಅದು ಕೈಕೊಡುತ್ತದೆ. ಇದನ್ನೂ ಮೊದಲೇ ಹೇಳಿದರು.

ಟರ್ಪಾಲಿನಲ್ಲಿ ನೀಲಿ ತೆಳುವು ಬೇಡ ಅಂದರು. ಚದರ ಮೀಟರಿಗೆ 200 ಗ್ರಾಂ ತೂಕದ್ದು ಕೊಟ್ಟರು, 18 ಅಡಿಗೆ 12 ಅಡಿ. ಎರಡು ಟರ್ಪಾಲು, ಹಗ್ಗ, ತಗಡು ಬಿಗಿಯುವ ಜೆ ಹುಕ್ಕು ಒಂದಷ್ಟು, ಎಲ್ಲ ಸೇರಿ 3 ಸಾವಿರದ ಒಳಗೆ ಮುಗಿಯಿತು. ಆ ದಿನ ಪೇಟೆಯ ಇನ್ನೊಂದು ಅಂಗಡಿಯಲ್ಲಿ ನೀಲಿ ಟರ್ಪಾಲಿಗೇ ದುಪ್ಪಟ್ಟು ಹೇಳುತ್ತಿದ್ದರು.

ಹೊರಡುವಾಗ ಅವರು ಕೇಳಿದ ಎರಡು ಪ್ರಶ್ನೆ ಅಂಗಡಿಗೆ ಸಂಬಂಧಪಟ್ಟದ್ದೇ ಅಲ್ಲ. "ಬಂದವರ ಕಾರು ತೆಂಗಿನ ಮರದ ಅಡಿಯಲ್ಲಿ ಉಂಟಾ?" ಉಂಟು. "ಅಜ್ಜಿ ಇದ್ದಾರೆ ಅಂದಿರಿ, ಅವರ ಮಾತ್ರೆ ಎಷ್ಟು ದಿನದ್ದು ಉಂಟು ಕೇಳಿದಿರಾ?" ಕೇಳಿರಲಿಲ್ಲ. ಮನೆಗೆ ಹೋಗಿ ಕೇಳಿದರೆ ಬಿಪಿ ಮಾತ್ರೆ ಆ ರಾತ್ರಿಯದ್ದು ಒಂದೇ ಉಳಿದಿತ್ತು! ಮಧ್ಯಾಹ್ನದೊಳಗೆ ಉಡುಪಿಯಿಂದ ತರಿಸಿಕೊಂಡೆವು. ಕಾರನ್ನು ಪಕ್ಕದ ಮನೆಯ ಖಾಲಿ ಅಂಗಳಕ್ಕೆ ಹಾಕಿಸಿದೆ. ಸಂಜೆಗೆ ಅದು ಮೊದಲು ನಿಂತಿದ್ದ ಜಾಗಕ್ಕೆ ಎರಡು ಮಡಲು, ಒಂದು ಗೊನೆ ಕಾಯಿ ಬಿದ್ದಿತ್ತು.

ಪ್ರವಾಸಿಗಳ ಊರಿನಲ್ಲಿ ಇದೇ ಕಷ್ಟ ನೋಡಿ. ಊರಿನವರಿಗೆ ಕಡಲಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಘಟ್ಟದ ಮೇಲಿಂದ ಬಂದವರಿಗೆ ದೊಡ್ಡ ಅಲೆ ಅಂದರೆ ಫೋಟೋ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟ್ ಬಂದ್ ಆಗಿದೆ ಅಂದಾಗ ಆ ಯಜಮಾನರಿಗೆ ಬೇಸರವಾಯಿತು. ಹಾಗಾದರೆ ಕರೆಗಾದರೂ ಹೋಗಿ ಬರುತ್ತೇವೆ ಅಂದರು. ನಾನು ಬಿಡಲಿಲ್ಲ. ಬೇಕಾದರೆ ಒಂದು ರಾತ್ರಿಯ ಹಣ ವಾಪಸು ಕೊಡುತ್ತೇನೆ ಸಾರ್, ಗೇಟು ದಾಟಬೇಡಿ ಅಂದೆ. ಉಳಿದ ಎರಡು ಕೋಣೆಯವರಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳಿ ಮುಂಗಡ ಹಿಂತಿರುಗಿಸಿದೆ. ಇದನ್ನೂ ಅಂಗಡಿಯವರ ಮಾತು ಕೇಳಿಯೇ ಮಾಡಿದ್ದು. "ಹೆಸರು ಕೇಳಿ ಹೆದರುವುದು ಬೇಡ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹೆಸರಿಡ್ತಾರೆ. ಅದು ಎಷ್ಟು ದೂರದಲ್ಲಿ ಉಂಟು, ಯಾವ ಕಡೆ ಹೋಗ್ತಾ ಉಂಟು, ಅದನ್ನು ನೋಡಿ. ಆದರೆ ಅದು ಎಷ್ಟು ದೂರ ಹೋದರೂ ನಮ್ಮ ಕಡಲು ಇಳಿಯಲು ದಿನ ಬೇಕು" ಅಂದಿದ್ದರು.

ಹಾಗೆಯೇ ಆಯಿತು. ಕ್ಯಾರ್ ನಮ್ಮ ಕರೆಗೆ ಬಡಿಯಲಿಲ್ಲ. ವಾಯವ್ಯಕ್ಕೆ ತಿರುಗಿತು, 27ರ ಹೊತ್ತಿಗೆ ನಡುಗಡಲಿನಲ್ಲಿ ಸೂಪರ್ ಸೈಕ್ಲೋನ್ ಆಯಿತು. ಅರಬ್ಬಿ ಸಮುದ್ರದಲ್ಲಿ 2007ರ ಗೋನು ಆದ ಮೇಲೆ ಅಷ್ಟು ದೊಡ್ಡದು ಅದೇ ಮೊದಲು. ಇಲ್ಲಿ ಮಳೆ, ಬೀಸುಗಾಳಿ, ಕರೆಯುದ್ದಕ್ಕೂ ಕೆಂಪು ನೀರು. ಕರೆಂಟು ಹೋಯಿತು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ, ಇಷ್ಟರಲ್ಲೇ ನಾವೆಲ್ಲ ಒಂದೇ ಕೋಣೆಯಲ್ಲಿ ಕೂತು ಉಂಡೆವು. ಕ್ಯಾರ್ ಅಂದರೆ ಬರ್ಮಾದವರ ಭಾಷೆಯಲ್ಲಿ ಹುಲಿ ಅಂತ ನನ್ನ ಮಗಳು ಆ ಹುಡುಗನಿಗೆ ಹೇಳಿದಳು. ಅವನು ಅಷ್ಟಮಿಯ ಹುಲಿವೇಷದ ವಿಡಿಯೋ ನೋಡಿದ್ದನಂತೆ. ಹೊರಗೆ ತಗಡು ಬಡಿದುಕೊಂಡಾಗಲೆಲ್ಲ ಹುಲಿವೇಷಕ್ಕೆ ಬಾರಿಸುವ ತಾಸೆಯ ಸದ್ದು ಅಂತ ಕುಣಿಯುತ್ತಿದ್ದ. ಅಜ್ಜಿಯ ಹೆದರಿಕೆ ಅರ್ಧ ಹೋದದ್ದು ಅವನಿಂದ.

ಆ ಸಲ ಟರ್ಪಾಲು ಬಿಚ್ಚಲೇ ಇಲ್ಲ. ಅದರ ಕೆಲಸ ಬಂದದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತ ಬಂದಾಗ. ಲಾಕ್‌ಡೌನ್ ಸಮಯ, ಕೋಣೆಗಳು ಖಾಲಿ, ಪೇಟೆಗೆ ಹೋಗಿ ಸಾಮಾನು ತರುವ ಸ್ಥಿತಿಯೂ ಇಲ್ಲ. ಅದು ಕ್ಯಾರ್‌ಗಿಂತ ತುಂಬ ಹತ್ತಿರದಿಂದ ಹೋಯಿತು. ಮೇ 15ರಂದು ಕಡಲು ನಮ್ಮ ಎದುರಿನ ರಸ್ತೆಗೆ ಬಂತು, ಅಂಗಳದ ತನಕ ಮರಳು. ಪಡುವಣ ಮೂಲೆಯಲ್ಲಿ ಮೂವತ್ತು ಮೂವತ್ತೈದು ಹಂಚು ಹಾರಿದವು. ರಾತ್ರಿಯೆಲ್ಲ ಪಾತ್ರೆ ಇಟ್ಟು ಕಾದೆವು. ಮರುದಿನ ಗಾಳಿ ತಗ್ಗಿದ ಮೇಲೆ ನನ್ನ ಗಂಡ ಮಾಡಿನ ಮರದ ಪಕ್ಕಾಸಿನ ಮೇಲೆ ಕಾಲಿಟ್ಟು ಹತ್ತಿದರು. ನಾನು ಕೆಳಗಿನಿಂದ ಕಲ್ಲು ಕೊಡುತ್ತಾ ಹೋದೆ. ಹನ್ನೆರಡು ಕಲ್ಲು, ಹನ್ನೆರಡು ಗಂಟು. ಹೊಸ ಹಂಚು ತರಿಸಲು ಆಗಲಿಲ್ಲ, ಮಳೆಗಾಲವೂ ಶುರುವಾಯಿತು. ಆ ಟರ್ಪಾಲು ಅಗಸ್ಟ್ ತನಕ ಹಾಗೇ ಇತ್ತು. ಒಂದು ಹನಿ ಒಳಗೆ ಬರಲಿಲ್ಲ. ಮೊದಲೇ ಆರು ತಂದು ಹೊದೆಸಿದ್ದರೆ ಆ ರಾತ್ರಿ ಇಡೀ ಮಾಡು ಹೋಗುತ್ತಿತ್ತು ಅಂತ ನಾವಿಬ್ಬರೂ ಈಗಲೂ ಮಾತಾಡಿಕೊಳ್ಳುತ್ತೇವೆ.

ಸರಿಯಿಲ್ಲದ್ದನ್ನೂ ಹೇಳಬೇಕು. ಇಲ್ಲಿ ಕೊಂಡ ಜೆ ಹುಕ್ಕು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಕಡಲಿಗೆ ಇಷ್ಟು ಹತ್ತಿರ ಇರುವವರು ಹೆಚ್ಚು ಹಣ ಕೊಟ್ಟು ಸ್ಟೀಲಿನದ್ದನ್ನೇ ಕೇಳಿ ತೆಗೆದುಕೊಳ್ಳಿ, ಅವರಾಗಿ ತೋರಿಸುವುದಿಲ್ಲ. ಎಮರ್ಜೆನ್ಸಿ ಲೈಟು, ಟಾರ್ಚು ಇಲ್ಲಿ ಬೇಡ, ಸ್ಟಾಕ್ ಹಳೆಯದು. ನಾನು ತಂದ ಒಂದು ಲೈಟಿನ ಚಾರ್ಜು ಒಂದು ಗಂಟೆಯೂ ನಿಲ್ಲಲಿಲ್ಲ. ಬದಲಿಸಿ ಕೊಟ್ಟರು, ಎರಡನೆಯದೂ ಅಷ್ಟೇ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ಮೂರೂವರೆ ತನಕ ತೆರೆಯುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಮೀನಿನ ಲಾರಿಗಳ ನಡುವೆ ತೂರಿಸಬೇಕು. ಗಾಳಿ-ಮಳೆಯ ದಿನ ನೆಟ್ ಕೈಕೊಟ್ಟರೆ ಫೋನಿನಲ್ಲಿ ಹಣ ಹಾಕಲು ಆಗುವುದಿಲ್ಲ. ನೋಟು ಇಟ್ಟುಕೊಂಡೇ ಹೋಗಿ.

ಇನ್ನೊಂದು, ರೆಡ್ ಅಲರ್ಟ್ ಬಂದ ದಿನ ಹೋಗಬೇಡಿ. ಅವತ್ತು ಬೋಟಿನವರ ಅವಸರ, ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ನನಗೆ ಅವತ್ತು ಸಿಕ್ಕಿದ್ದು ನನ್ನ ಅದೃಷ್ಟ. ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದು ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ ಹೋಗಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಮಳೆಗಾಲದ ಮುಂಚೆ ಮತ್ತು ನಂತರ. 2023ರ ಬಿಪರ್‌ಜಾಯ್ ಜೂನ್ ಮೊದಲ ವಾರದಲ್ಲೇ ಹುಟ್ಟಿತ್ತು, ಅಷ್ಟು ಹೊತ್ತಿಗೆ ನಮ್ಮ ಹಗ್ಗ, ಟರ್ಪಾಲು, ಕಲ್ಲು ಎಲ್ಲ ಅಟ್ಟದಲ್ಲಿ ಒಂದೇ ಗೋಣಿಯಲ್ಲಿ ತಯಾರಿದ್ದವು. ಒಣ ಮಡಲು, ಬಲಿತ ಕಾಯಿ ಇಳಿಸಿ ಆಗಿತ್ತು.

ಈ ಸಲ ಹೊಸ ಹಗ್ಗ ಬೇಕು ಅಂತ ಹೋದೆ. "ಹಳೆಯದು ತಂದಿದ್ದೀರಾ?" ಅಂದರು. ಗೋಣಿಯಲ್ಲಿತ್ತು. ಒಂದು ತುದಿಯಿಂದ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆಯುತ್ತಾ ಹೋದರು, ಕಣ್ಣು ಹೊರಗೆ ಬಂದರಿನ ಕಡೆ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ನೂಲು ಒರಟಾಗಿತ್ತು, ಉಜ್ಜಿದರೆ ಬಿಳಿ ಪುಡಿ ಬಂತು. ಎರಡು ಮಾರು ಕತ್ತರಿಸಿ ಪಕ್ಕಕ್ಕೆ ಹಾಕಿದರು. ಎರಡೂ ತುದಿಗೆ ಲೈಟರ್ ಹಿಡಿದು ಕರಗಿಸಿ ಸುತ್ತಿ ಕೊಟ್ಟರು. "ಉಳಿದದ್ದು ಚೆನ್ನಾಗಿ ಉಂಟು ಅಕ್ಕ. ಹೊಸದು ಮುಂದಿನ ವರ್ಷ ನೋಡುವ."