ಬಿಸಿ, ಅಲೆ ಮತ್ತು ಸಿಂಗ್ಯುಲಾರಿಟಿ: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಉಷ್ಣಸ್ಥಿತಿಸ್ಥಾಪಕತೆಯ (ಶಾಖವೂ ವಸ್ತುವಿನ ಹಿಗ್ಗು-ಕುಗ್ಗೂ ಒಂದನ್ನೊಂದು ಪ್ರಭಾವಿಸುವುದರ) ಸಮೀಕರಣಗಳಲ್ಲಿ ಸಿಂಗ್ಯುಲಾರಿಟಿಗಳು, ಎಂದರೆ ಬೆಲೆ ಥಟ್ಟನೆ ಜಿಗಿಯುವ ಅಥವಾ ಮುರಿಯುವ ತಾಣಗಳು, ಹೇಗೆ ಸಾಗುತ್ತವೆ ಎಂಬುದನ್ನು ಕಲಿಸುವ ವಿಡಿಯೋ ಕೋರ್ಸೊಂದಕ್ಕೆ ಹಣ ಕಟ್ಟಿ ಸೇರಿದ್ದೆ. ಗಣಿತದ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಮೂರನೆಯ ಪಾಠವೇ ಇದರ ತಿರುಳು. ಉಕ್ಕಿನ ತೆಳು ಸರಳಿನ ಒಂದು ಬಿಂದುವಿನಲ್ಲಿ ಕಣಗಳ ವೇಗವು ಥಟ್ಟನೆ ಜಿಗಿಯುವಂತೆ ಆರಂಭಸ್ಥಿತಿಯನ್ನು ಕೊಟ್ಟರೆ, ಆ ಜಿಗಿತವು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್‌ನಂತೆ ಎರಡೂ ದಿಕ್ಕಿಗೆ, ಅಲೆಯ ಸಮೀಕರಣದ ಲಕ್ಷಣರೇಖೆಗಳ (ಅಲೆ ಸಾಗುವ ದಾರಿಯನ್ನು ತೋರುವ ರೇಖೆಗಳ) ಮೇಲೆಯೇ ಸಾಗುತ್ತದೆ. ತಾಪಮಾನದಲ್ಲಾದರೋ ಜಿಗಿತ ಉಳಿಯುವುದಿಲ್ಲ, ಅದರ ಇಳಿಜಾರಿನಲ್ಲಿ ಮಾತ್ರ ಒಂದು ಮುರಿವು ಕಾಣುತ್ತದೆ. ಆ ಮುರಿವೇ ವೇಗದ ಜಿಗಿತವನ್ನು ಘಾತೀಯವಾಗಿ ಕುಗ್ಗಿಸುತ್ತದೆ. ಸರಳೀಕರಿಸಿದ ಸಮೀಕರಣಗಳಲ್ಲಿ ಕುಗ್ಗುವ ದರವು, ಶಾಖ ಮತ್ತು ಚಲನೆಯ ನಂಟಿನ ಬಲವನ್ನು ಹೇಳುವ ಜೋಡಣೆಯ ಗುಣಾಂಕದ ವರ್ಗವನ್ನು ಉಷ್ಣವಾಹಕತೆಯ ಎರಡರಷ್ಟರಿಂದ ಭಾಗಿಸಿದಷ್ಟು. ಅಂದರೆ ಉಳಿದದ್ದೆಲ್ಲ ಒಂದೇ ಆಗಿದ್ದರೆ, ಶಾಖ ಚೆನ್ನಾಗಿ ಹರಿಯುವ ವಸ್ತುವಿನಲ್ಲಿಯೇ ಜಿಗಿತ ಹೆಚ್ಚು ಕಾಲ ಬಾಳುತ್ತದೆ! ನಾನು ಇದಕ್ಕೆ ತದ್ವಿರುದ್ಧವಾದುದನ್ನು ನಂಬಿದ್ದವನು. ಕಾಗದದ ಮೇಲೆ ಎರಡು ಸಲ ಲೆಕ್ಕ ಮಾಡಿದ ಮೇಲೆಯೇ ಒಪ್ಪಿದೆ.

ಕೊರತೆಗಳೂ ಇವೆ. ಇದೇ ಪಾಠದಲ್ಲಿ ಬೋರ್ಡಿನ ಮೇಲೆ ಒಂದು ಋಣಚಿಹ್ನೆ ಬಿಟ್ಟುಹೋಗಿ ಜಿಗಿತ ಕುಗ್ಗುವ ಬದಲು ಬೆಳೆಯುತ್ತದೆ. ಪತ್ರ ಬರೆದರೂ ತಿದ್ದಲಿಲ್ಲ. ಮೂರು ಆಯಾಮಗಳ ಭಾಗವನ್ನು ಅವಸರದಲ್ಲಿ ಮುಗಿಸಿದ್ದಾರೆ. ಎಲ್ಲ ದಿಕ್ಕಿನಲ್ಲೂ ಒಂದೇ ಗುಣವುಳ್ಳ ಮಾಧ್ಯಮದಲ್ಲಿ ಕತ್ತರಿ ಅಲೆಗೆ (ಶಿಯರ್ ಅಲೆಗೆ), ಎಂದರೆ ಗಾತ್ರ ಬದಲಿಸದ ಅಡ್ಡ ಅಲೆಗೆ, ಶಾಖದ ಸೋಂಕೇ ಇಲ್ಲವೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ದಾಟುತ್ತಾರೆ. ಶಾಖದ ಹರಿವು ತಾಪಮಾನದ ಇಳಿಜಾರಿಗೆ ತಕ್ಷಣ ಸ್ಪಂದಿಸುತ್ತದೆ ಎನ್ನುವ ಫೂರಿಯೇ ನಿಯಮದ ಬದಲು, ತುಸು ತಡವಾಗಿ ಸ್ಪಂದಿಸುತ್ತದೆ ಎನ್ನುವ ಕಟಾನಿಯೋ ನಿಯಮವನ್ನು ಬಳಸಿದರೆ ತಾಪಮಾನದ ಜಿಗಿತವೂ ಸೀಮಿತ ವೇಗದಲ್ಲಿ ಚಲಿಸುತ್ತದೆ ಎಂಬ ಕೊನೆಯ ಪಾಠ ಮಾತ್ರ ಮತ್ತೊಮ್ಮೆ ನೋಡುವಂತಿದೆ.